ಮೊಬೈಲಿನಲ್ಲಿ ಓದು ಕಲಿತವಳು

ನನ್ನ ಮಗಳು ಎರಡನೆಯ ಇಯತ್ತೆಯಲ್ಲಿದ್ದಾಗ ಕನ್ನಡದ ಪಾಠಗಳನ್ನು ಸಲೀಸಾಗಿ ಓದುತ್ತಿದ್ದಳು. ಹಾಗೆಂದು ನಾವು ನಂಬಿದ್ದೆವು. ನಾನು ಬಸ್ ಕಂಡಕ್ಟರ್. ವಾರದ ಹೆಚ್ಚಿನ ಹೊತ್ತು ಕಲಘಟಗಿ, ತಂಬೂರ, ದೇವಿಕೊಪ್ಪದ ರಸ್ತೆಗಳ ಮೇಲೆಯೇ ಕಳೆದುಹೋಗುತ್ತದೆ. ರಜೆ ಸಿಕ್ಕ ದಿನ ಕಟ್ಟೆಯ ಮೇಲೆ ಕುಳಿತು ಅವಳಿಂದ ಒಂದು ಪಾಠ ಓದಿಸಿ ಕೇಳುವುದು ನನಗೊಂದು ಸುಖ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ನಿಲ್ಲಬೇಕಾದಲ್ಲಿ ನಿಂತು, ಶಾಲೆಯಲ್ಲಿ ಅಕ್ಕೋರು ಹೇಗೆ ಓದುತ್ತಾರೋ ಅದೇ ರಾಗದಲ್ಲಿ ಓದುವಳು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎಂದೇ ಕರೆಯುವುದು.

ಅಂಥ ಒಂದು ದಿನ ಗಾಳಿ ಬೀಸಿ ಪುಸ್ತಕದ ಎರಡು ಹಾಳೆ ಒಟ್ಟಿಗೇ ಮಗುಚಿಕೊಂಡವು. ಚಿತ್ರವಿಲ್ಲದ, ಬರೀ ಅಕ್ಷರಗಳ ಪುಟ ಎದುರಿಗೆ ಬಂತು. ಅವಳು ಓದು ನಿಲ್ಲಿಸಲಿಲ್ಲ. ಕಣ್ಣು ಪುಸ್ತಕದ ಮೇಲೆಯೇ ಇತ್ತು, ಬೆರಳು ಸಾಲಿನ ಕೆಳಗೆ ಸರಿಯುತ್ತಲೇ ಇತ್ತು. ಆದರೆ ಪುಟದಲ್ಲಿ ಇದ್ದದ್ದು ಕುಂಬಾರನ ಮಾತು. ಅವಳು ಇನ್ನೂ ನವಿಲಿನ ಗರಿಯ ಬಗ್ಗೆಯೇ ಹೇಳುತ್ತಿದ್ದಳು.

ನಾನು ಒಂದು ಶಬ್ದದ ಮೇಲೆ ಬೆರಳಿಟ್ಟೆ. "ಇಲ್ಲಿ ಏನ್ ಬರದೈತಿ, ನನ್ನವ್ವ?"

ಅವಳು ಪುಸ್ತಕ ಬಿಟ್ಟು ನನ್ನ ಮುಖ ನೋಡಿದಳು. "ನವಿಲು" ಎಂದಳು.

ಅಲ್ಲಿ ಇದ್ದದ್ದು "ಮಡಕೆ."

ಒಳಗಿನಿಂದ ನನ್ನ ಹೆಂಡತಿ ಬಂದಳು. ಇನ್ನೊಂದು ಪುಟ ತೆರೆದು, ಇನ್ನೊಂದು ಶಬ್ದ ತೋರಿಸಿದಳು. ಅದೂ ಬರಲಿಲ್ಲ. ಇಡೀ ಪುಸ್ತಕವನ್ನು ಹುಡುಗಿ ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡಿದ್ದಾಳೆ ಎಂಬುದು ನಮಗೆ ಆಗ ತಿಳಿಯಿತು. ಹೆಂಡತಿ ಸಿಟ್ಟಿಗೆದ್ದು, "ಎಷ್ಟ ದಿನದಿಂದ ನಮ್ಮನ್ನ ಹಿಂಗ ಮಳ್ಳ ಮಾಡಾಕತ್ತೀ?" ಎಂದು ಗದರಿಸಿದಳು. ಮಗಳು ಪುಸ್ತಕವನ್ನು ಎದೆಗೆ ಅವಚಿಕೊಂಡು ಅಳಲಾರಂಭಿಸಿದಳು. ನನಗೆ ಸಿಟ್ಟು ಬರಲಿಲ್ಲ. ಅವಳನ್ನು ಹತ್ತಿರ ಎಳೆದು ಕೂರಿಸಿಕೊಂಡೆ.

ಮರುದಿನ ಡ್ಯೂಟಿಗೆ ಹೋಗುವ ಮೊದಲು ಶಾಲೆಗೆ ಹೋದೆ. ಅಕ್ಕೋರು ಚಿಕ್ಕ ವಯಸ್ಸಿನವರು. ದಿನಾ ನಮ್ಮ ಬಸ್ಸಿಗೇ ಬಂದು ಇಳಿಯುವವರು. ಅವರಿಗೂ ಇದು ಒಗಟಾಗಿತ್ತು.

"ನಾನೂ ನಿಮಗ ಹೇಳಬೇಕಂತ ಮಾಡಿದ್ದೆ ನೋಡ್ರಿ" ಎಂದರು. "ಬೋರ್ಡ್ ಮ್ಯಾಲೆ ಬರದ್ರ ಓದತಾಳ್ರಿ. ಒಂದ ಅಕ್ಷರ ತಪ್ಪಂಗಿಲ್ಲ. ಅದನ್ನ ಪುಸ್ತಕದಾಗ ತೋರಿಸಿದ್ರ ಬಾಯಿ ಬಿಡಂಗಿಲ್ಲ. ಓದಾಕ ಮನಸ್ಸಿಲ್ಲೋ ಏನೋ ಅಂತ ಅನಸ್ತೈತ್ರಿ."

ಅದು ನಿಜ. ಸ್ಟಾಪಿನಲ್ಲಿ ಅವಳನ್ನು ನಿಲ್ಲಿಸಿಕೊಂಡರೆ, ದೂರದ ತಿರುವಿನಲ್ಲಿ ಕಾಣಿಸಿದ ಬಸ್ಸು ಯಾವ ಊರಿನದೆಂದು ನನಗಿಂತ ಮೊದಲು ಬೋರ್ಡು ಓದಿ ಹೇಳುತ್ತಿದ್ದಳು. ಜನ ಮೆಚ್ಚಿ ನಗುತ್ತಿದ್ದರು. ಅಷ್ಟು ಚುರುಕಾದವಳು ಮನೆಯಲ್ಲಿ ಪುಸ್ತಕ ಹಿಡಿದರೆ ಸಾಕು, ತಲೆ ನೋಯುತ್ತದೆ ಎನ್ನುತ್ತಿದ್ದಳು, ಕಣ್ಣು ಉಜ್ಜುತ್ತಿದ್ದಳು. "ಪುಸ್ತಕ ಕಂಡ ಕೂಡ್ಲೆ ಇಕಿಗೆ ತಲಿನೋವು ಬರತೈತಿ" ಎಂದು ಹೆಂಡತಿ ಬೇಸರಪಡುವಳು. ನನ್ನ ಅವ್ವ ಮಾತ್ರ ಮೊಮ್ಮಗಳ ಪಕ್ಷ. ಯಾರದೋ ದಿಷ್ಟಿ ತಾಗಿದೆಯೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತಿದ್ದೆವು, ತಲೆನೋವು ಹಾಗೆಯೇ ಉಳಿಯುತ್ತಿತ್ತು.

ಒಂದು ದಿನ ಬಸ್ಸಿನಲ್ಲಿ ಪರಿಚಯದವರೊಬ್ಬರು ಮಾತಿಗೆ ಸಿಕ್ಕರು. ನಾನಾಗಿಯೇ ವಿಷಯ ತೆಗೆದೆ. ಅವರು ಸಹಜವಾಗಿ, "ಒಂದೊಂದು ಮಕ್ಕಳ ಮಿದುಳಿಗೆ ಅಕ್ಷರನ ಹತ್ತಂಗಿಲ್ರಿ. ಅದಕ್ಕ ಮದ್ದಿಲ್ಲ, ಏನಿಲ್ಲ" ಎಂದು ಹೇಳಿ ಮುಂದಿನ ಸ್ಟಾಪಿನಲ್ಲಿ ಇಳಿದು ಹೋದರು. ಆ ಮಾತು ನನ್ನ ಜೊತೆ ಉಳಿಯಿತು. ಟಿಕೆಟ್ ಕೊಡುವಾಗ, ಬಾಗಿಲ ಬಳಿ ನಿಂತು ಸೀಟಿ ಊದುವಾಗ ಅದೇ ತಲೆಯಲ್ಲಿ ತಿರುಗುತ್ತಿತ್ತು. ಹೆಂಡತಿಗೆ ಹೇಳಲಿಲ್ಲ. ಅವಳ ತಲೆಯಲ್ಲೂ ಅಂಥದೇ ಭಯವಿತ್ತೆಂದು ಆಮೇಲೆ ತಿಳಿಯಿತು.

ಮೊಬೈಲ್ ಪುಸ್ತಕದ ಸುದ್ದಿ ತೆಗೆದವರು ಅಕ್ಕೋರೇ. ಬಸ್ಸಿನಿಂದ ಇಳಿಯುವಾಗ, "ನಿಮ್ಮ ಫೋನ್ ಕೊಡ್ರಿ ಇಲ್ಲೆ" ಎಂದು ಕೈಚಾಚಿ, ಮಕ್ಕಳ ಕತೆಪುಸ್ತಕಗಳು ಪುಕ್ಕಟೆ ಸಿಗುವ ಒಂದು ಆ್ಯಪ್ ಹಾಕಿಕೊಟ್ಟರು. "ಪಾಠದ ಪುಸ್ತಕ ಒಂದೀಟು ಬಾಜೂಕ ಇಡ್ರಿ. ಇವನ್ನ ತೋರಸ್ರಿ. ಓದಿನೂ ಹೇಳತೈತಿ, ಸುಮ್ನ ನೋಡಾಕೂ ಬರತೈತಿ."

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. "ಓದಾಕ ಬರವಲ್ದು ಅಂದ್ರ ಮೊಬೈಲ್ ಕೈಯಾಗ ಕೊಡ್ತೀರೇನ್ರಿ? ಇದ್ದದ್ದೂ ಹಾಳಾಕ್ಕೈತಿ" ಎಂದು ಹೆಂಡತಿ ತಕರಾರು ಮಾಡಿದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಓಣಿಯ ಮಕ್ಕಳು ಮೊಬೈಲಿನಲ್ಲಿ ಏನು ನೋಡುತ್ತಾರೆಂಬುದು ನಮಗೂ ಗೊತ್ತಿತ್ತು. ಕೊನೆಗೆ ನಾನು ಬಾಜೂ ಕುಳಿತರೆ ಮಾತ್ರ, ಅದೂ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಎಂದು ರಾಜಿಯಾಯಿತು.

ಮೊದಲ ಕತೆ ಅಜ್ಜಿಯ ಛತ್ರಿಯನ್ನು ತಿಂದುಬಿಟ್ಟ ಒಂದು ಆಡಿನ ಮರಿಯದು. ಫೋನಿನೊಳಗಿನ ದನಿ ಓದುತ್ತಾ ಹೋದಂತೆ ಒಂದೊಂದೇ ಶಬ್ದ ಬಣ್ಣ ಬದಲಿಸುತ್ತಿತ್ತು. ಮಗಳು ನಕ್ಕಳು. ಇನ್ನೊಮ್ಮೆ ಹಾಕು ಎಂದಳು. ಪಾಠದ ಪುಸ್ತಕ ಮುಂದಿಟ್ಟಾಗ ಗಟ್ಟಿಯಾಗುತ್ತಿದ್ದ ಅವಳ ಹೆಗಲು ಸಡಿಲವಾದದ್ದನ್ನು ನಾನು ಗಮನಿಸಿದೆ. ಅಷ್ಟು ಸಾಕೆನಿಸಿತು.

ಒಂದು ರವಿವಾರ ಮಧ್ಯಾಹ್ನ ಅವ್ವ ಒಳಗೆ ಅಡ್ಡಾಗಿದ್ದಳು. ಅವಳಿಗೆ ತೊಂದರೆಯಾಗದಿರಲೆಂದು ನಾನು ಫೋನಿನ ದನಿಯನ್ನು ಪೂರ್ತಿ ತಗ್ಗಿಸಿದೆ. ಮಗಳು ಚಿತ್ರ ನೋಡಿಕೊಂಡು ಕೂರುತ್ತಾಳೆ ಎಂದುಕೊಂಡೆ. ಅವಳು ಎರಡು ಬೆರಳನ್ನು ಪರದೆಯ ಮೇಲಿಟ್ಟು ಅಗಲಿಸಿದಳು. ಆಡಿನ ಮರಿ ಒಂದು ಮೂಲೆಗೆ ಸರಿದು, ಒಂದೇ ಶಬ್ದ ಪರದೆಯ ತುಂಬ ನಿಂತಿತು. ಅವಳು ಮೆಲ್ಲಗೆ ಓದಿದಳು. ಬೆರಳಿನಿಂದ ಸರಿಸಿ ಮುಂದಿನ ಶಬ್ದ ತಂದುಕೊಂಡಳು. ಅದನ್ನೂ ಓದಿದಳು.

ಇದೂ ಬಾಯಿಪಾಠವೇ ಇರಬೇಕು ಎನಿಸಿತು. ಫೋನು ತೆಗೆದುಕೊಂಡು, ಅವಳು ಎಂದೂ ಕೇಳಿರದ ಬೇರೊಂದು ಕತೆ ತೆರೆದು ಕೊಟ್ಟೆ. ಅವಳು ಮತ್ತೆ ಬೆರಳು ಅಗಲಿಸಿದಳು. "ಹೊ...ಲ...ದಾ...ಗ, ಅಲ್ಲ, ಹೊಲದಲ್ಲಿ" ಎಂದು ತಡವರಿಸುತ್ತ, ತಾನೇ ತಿದ್ದಿಕೊಳ್ಳುತ್ತ ಸಾಲು ಮುಗಿಸಿದಳು. ರಾಗವಿರಲಿಲ್ಲ. ಅಕ್ಕೋರ ದನಿ ಇರಲಿಲ್ಲ. ಅದು ಅವಳದೇ ಓದು.

ನಾನು ಅದೇ ಪುಟವನ್ನು ಚಿಕ್ಕದು ಮಾಡಿ ಕೊಟ್ಟೆ. ಸುಮ್ಮನಾದಳು. ದೊಡ್ಡದು ಮಾಡಿದೆ, ಓದಿದಳು. ಮತ್ತೆ ಚಿಕ್ಕದು ಮಾಡಿದೆ. ಫೋನನ್ನು ಕೈಯುದ್ದ ದೂರ ಹಿಡಿದು, ಹುಬ್ಬು ಗಂಟು ಹಾಕಿ, ಕಣ್ಣು ಉಜ್ಜಿಕೊಂಡಳು.

"ಯಾಕವಾ ದೊಡ್ಡದ ಮಾಡ್ಕೊಂತಿ?"

"ಸಣ್ಣು ಇದ್ರ ಅಕ್ಷರ ಒಂದರ ಮ್ಯಾಲೊಂದ ಹತ್ತಿ ಕುಂದರತಾವಪ್ಪಾ."

"ಪುಸ್ತಕದಾಗನೂ ಹಂಗ ಆಕ್ಕೈತೇನು?"

"ಹೂಂ."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲಬೇ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಎಲ್ಲಾರಿಗೂ ಹಂಗ ಕಾಣತೈತೇನೋ ಅಂದ್ಕೊಂಡಿದ್ನಿ. ಅವರಿಗೆ ಓದಾಕ ಬರತೈತಿ, ನನಗ ಬರಂಗಿಲ್ಲ ಅಷ್ಟ" ಎಂದಳು.

ನಾನು ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ತಾನೇ ಫೋನು ಹಿಡಿದು ಚಿಕ್ಕದು, ದೊಡ್ಡದು ಮಾಡಿ ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು. "ಆದ್ರ ಸಾಲ್ಯಾಗ ಕಣ್ಣ ತೋರಿಸಿದಾಗ ಎಲ್ಲಾ ಚಲೋ ಐತಿ ಅಂದಿದ್ರಲ್ರಿ" ಎಂದಳು. ಹೌದು, ಶಾಲೆಗೆ ಕಣ್ಣು ಪರೀಕ್ಷೆ ಮಾಡುವವರು ಬಂದಿದ್ದಾಗ ಗೋಡೆಗೆ ತೂಗುಹಾಕಿದ ಹಾಳೆಯ ಅಕ್ಷರಗಳನ್ನು ಅವಳು ಗಡಗಡನೆ ಹೇಳಿದ್ದಳು. ಬಸ್ಸಿನ ಬೋರ್ಡು ಓದುವವಳ ಕಣ್ಣಿನಲ್ಲಿ ದೋಷವಿದೆಯೆಂದು ಯಾರು ತಿಳಿಯಬೇಕು?

ಅವತ್ತಿನಿಂದ ಭಯಕ್ಕೆ ಬೇರೊಂದು ರೂಪ ಬಂತು. ಕಣ್ಣಿನದೇ ದೋಷ ಇರಲಿ, ಮಿದುಳಿನದು ಆಗದಿರಲಿ ಎಂದು ಒಮ್ಮೆ. ಕಣ್ಣಿನದಾದರೂ ದೊಡ್ಡ ಕಾಯಿಲೆ ಆಗದಿರಲಿ ಎಂದು ಇನ್ನೊಮ್ಮೆ. ರಜೆ ಹಾಕಿ ಮೂವರೂ ಹುಬ್ಬಳ್ಳಿಗೆ ಹೋದೆವು. ಕಣ್ಣಿನ ದವಾಖಾನೆಯಲ್ಲಿ ಮಗಳ ಕಣ್ಣಿಗೆ ಔಷಧಿ ಹನಿ ಹಾಕಿ ಬೆಂಚಿನ ಮೇಲೆ ಕೂಡಿಸಿದರು. ಕಣ್ಣು ಮುಚ್ಚಿಕೊಂಡು ಅವಳು ಅವರವ್ವನ ತೊಡೆಗೆ ಒರಗಿದಳು. ಹೆಂಡತಿ ಮಗಳ ಜಡೆಯ ರಿಬ್ಬನ್ ಬಿಚ್ಚುವಳು, ಕಟ್ಟುವಳು. ನಾನು ಎದುರಿನ ಗೋಡೆಯನ್ನು ನೋಡುತ್ತಿದ್ದೆ.

ಡಾಕ್ಟರು ವಯಸ್ಸಾದ ಹೆಣ್ಣುಮಗಳು. ಒಂದಾದ ಮೇಲೊಂದು ಗಾಜು ಬದಲಿಸುತ್ತ, ಬೆಳಕು ಬಿಟ್ಟು ನೋಡುತ್ತ ಬಹಳ ಹೊತ್ತು ಪರೀಕ್ಷೆ ಮಾಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಹಂಗ್ಯಾಕ ಮುಖ ಮಾಡೀರಿ ಇಬ್ರೂ? ಗಾಬರಿ ಆಗೋದೇನಿಲ್ಲ" ಎಂದರು. "ದೂರದ್ದು ಕಾಣತೈತಿ, ಬಾಜೂದ್ದು ಮಸುಕು. ಹತ್ತಿರದ ಅಕ್ಷರ ನೋಡಾಕ ಕಣ್ಣು ಇಡೀ ದಿನ ಜಗ್ಗ್ಯಾಡತಿತ್ತು, ಅದಕ್ಕ ತಲಿನೋವು. ಚಾಳೀಸು ಹಾಕಿದ್ರ ಆತು."

ನನಗೆ ಕೇಳದೆ ಇರಲಾಗಲಿಲ್ಲ. "ಮಿದುಳಿಗೆ ಏನಾರ... ಅಕ್ಷರ ಹತ್ತದಂಗ..."

ಡಾಕ್ಟರು ಜೋರಾಗಿ ನಕ್ಕರು. "ಇಡೀ ಪುಸ್ತಕ ಕಿವಿಲೆ ಕೇಳಿ ಬಾಯಿಪಾಠ ಮಾಡ್ಯಾಳಂತ ನೀವ ಹೇಳಾಕತ್ತೀರಿ. ಇಕಿ ಮಿದುಳಿಗೆ ಏನಾಗೇತ್ರಿ? ನನಗ ಸ್ವಲ್ಪ ಸಾಲ ಕೊಡು ಅಂತ ಕೇಳಬೇಕು."

ಹೊರಗೆ ಬಂದು ನಿಂತೆವು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹೆಂಡತಿ ಸೆರಗಿನಿಂದ ಮಗಳ ಮುಖಕ್ಕೆ ನೆರಳು ಮಾಡಿ, ಅದೇ ಸೆರಗಿನಲ್ಲಿ ತಾನೂ ಮುಖ ಮರೆಸಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. ನನಗೆ ಅವತ್ತು ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಬಾಜೂ ಇದ್ದ ಖಾನಾವಳಿಯಲ್ಲಿ ಕುಳಿತು, ಬದನೆಕಾಯಿ ಪಲ್ಯ ಹಚ್ಚಿಕೊಂಡು ರೊಟ್ಟಿ ತಿಂದೆವು. ಅಷ್ಟು ರುಚಿಯ ಊಟ ನಾನು ಬಹಳ ದಿನ ಉಂಡಿರಲಿಲ್ಲ. ಮಗಳು ಮಾತ್ರ ಔಷಧಿಯ ಮಬ್ಬಿನಲ್ಲಿ ತಟ್ಟೆ ಎಲ್ಲಿದೆಯೆಂದು ತಡವುತ್ತ, "ನೀವಿಬ್ರೂ ಯಾಕ ನಗಾಕತ್ತೀರಿ?" ಎಂದು ಮತ್ತೆ ಮತ್ತೆ ಕೇಳಿದಳು.

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುವುದು. ಅದು ಬಂದ ಮರುದಿನವೇ ಅವಳು ಪಟಪಟನೆ ಓದಲಿಲ್ಲ. ಅದನ್ನೂ ಹೇಳಬೇಕು. ಅಕ್ಷರಗಳು ಈಗ ನೆಟ್ಟಗೆ ಕುಳಿತಿದ್ದವು, ಆದರೆ ಬೋರ್ಡಿನ ಒಂದೆರಡು ಶಬ್ದ ಬಿಟ್ಟರೆ ಸಾಲುಸಾಲಾಗಿ ಓದುವ ರೂಢಿಯೇ ಅವಳಿಗೆ ಆಗಿರಲಿಲ್ಲ. ತರಗತಿಯ ಮಕ್ಕಳು ಬಹಳ ಮುಂದೆ ಹೋಗಿದ್ದರು. ಒಂದನೆಯ ಇಯತ್ತೆಯ ಪುಸ್ತಕ ಹಿಡಿದು ಕುಳಿತರೆ ಗೆಳತಿಯರು ನಗುತ್ತಾರೆಂದು ಅವಳಿಗೆ ನಾಚಿಕೆ. ಆ ಹೊತ್ತಿನಲ್ಲಿ ನಮ್ಮ ಕೈಹಿಡಿದದ್ದು ಫೋನಿನ ಪುಸ್ತಕಗಳೇ. ಪುಟಕ್ಕೆ ಎರಡೇ ಶಬ್ದ ಇರುವ ಎಳೆಯ ಮಕ್ಕಳ ಕತೆಗಳನ್ನು ಅವಳು ಅಲ್ಲಿ ನಿಶ್ಚಿಂತೆಯಿಂದ ಓದಿದಳು. ಯಾವ ಮಟ್ಟದ್ದು ಓದುತ್ತಿದ್ದಾಳೆಂದು ಯಾರಿಗೂ ಕಾಣುತ್ತಿರಲಿಲ್ಲ. ತಿಳಿಯದ ಶಬ್ದ ಒತ್ತಿದರೆ ದನಿ ಹೇಳಿಕೊಡುತ್ತಿತ್ತು. ಎಷ್ಟು ಸಲ ಒತ್ತಿದರೂ ಅದಕ್ಕೆ ಬೇಸರವಿಲ್ಲ. ನನ್ನಷ್ಟು, ಅವಳ ಅವ್ವನಷ್ಟು ಬೇಗ ತಾಳ್ಮೆ ಕಳೆದುಕೊಳ್ಳುವ ಜಾತಿಯದಲ್ಲ ಅದು.

ನಮ್ಮೂರಿನಲ್ಲಿ ಮಕ್ಕಳ ಕತೆಪುಸ್ತಕ ಮಾರುವ ಅಂಗಡಿ ಇಲ್ಲ. ಕಲಘಟಗಿಯಲ್ಲೂ ಗೈಡು, ನೋಟ್‌ಬುಕ್ಕಿನ ಅಂಗಡಿಗಳೇ ಹೆಚ್ಚು. ಮನೆಯಲ್ಲಿ ನೆಟ್‌ವರ್ಕ್ ಕೂಡ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಬಸ್ಸು ಕಲಘಟಗಿ ಸ್ಟ್ಯಾಂಡಿನಲ್ಲಿ ನಿಂತಾಗ, ಡ್ರೈವರ್ ಚಹಾಕ್ಕೆ ಇಳಿದರೆ, ನಾನು ಕತೆಗಳನ್ನು ಇಳಿಸಿಕೊಳ್ಳುತ್ತಿದ್ದೆ. ಮೊದಲು ಮನೆಗೆ ಹೋಗುವಾಗ ಚುರಮುರಿಯನ್ನೋ ಬಾಳೆಹಣ್ಣನ್ನೋ ಒಯ್ಯುತ್ತಿದ್ದವನು ಈಗ ಕತೆ ಒಯ್ಯತೊಡಗಿದೆ. ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ, "ಇವತ್ತ ಏನ್ ತಂದಿ?" ಎಂಬ ಪ್ರಶ್ನೆ. ಆನೆಯದೋ, ರೈಲಿನದೋ, ಮುಳ್ಳುಸೌತೆಕಾಯಿ ಬೆಳೆದ ಹುಡುಗಿಯದೋ ಯಾವುದಾದರೊಂದು ಇರುತ್ತಿತ್ತು.

ಚಹಾ ಕುಡಿಯುವಷ್ಟು ಹೊತ್ತು ಎಂಬ ಹೆಂಡತಿಯ ಕರಾರು ತಾನಾಗಿಯೇ ಸಡಿಲವಾಯಿತು. ಯಾಕೆಂದರೆ ಅವಳೂ ರೊಟ್ಟಿ ಬಡಿಯುತ್ತ ಕತೆ ಕೇಳುತ್ತಿದ್ದಳು. ಒಂದು ಸಂಜೆ ಕತೆಯ ನಡುವೆಯೇ ಫೋನಿನ ಚಾರ್ಜು ಮುಗಿದು ಕರೆಂಟೂ ಇಲ್ಲದಾಗ, "ಆ ಮುದುಕಿ ಬಾವ್ಯಾಗಿಂದ ಮ್ಯಾಲೆ ಬಂದ್ಲೋ ಇಲ್ಲೋ?" ಎಂದು ಹಳಹಳಿಸಿದವಳು ಅವಳೇ. ಅವ್ವ ಮಾತ್ರ ತನ್ನ ಉಪ್ಪು ಮೆಣಸಿನಕಾಯಿಯಿಂದಲೇ ಹುಡುಗಿಗೆ ಗುಣವಾಯಿತೆಂದು ಈಗಲೂ ನಂಬಿದ್ದಾಳೆ. ನಾವು ಎದುರಾಡುವುದಿಲ್ಲ.

ಶಾಲೆಯಲ್ಲಿ ಅಕ್ಕೋರು ಒಂದು ಕೆಲಸ ಮಾಡಿದರು. ಓದಲು ತಡವರಿಸುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಫೋನಿನಲ್ಲಿ ಅಕ್ಷರ ಚಿಕ್ಕದು ದೊಡ್ಡದು ಮಾಡಿ ನೋಡಿದರಂತೆ. ಬೇರೆ ಯಾರಿಗೂ ಆ ತೊಂದರೆ ಇರಲಿಲ್ಲ. "ಇಲ್ಲಂತ ಗೊತ್ತಾತಲ್ರಿ, ಅಷ್ಟ ಸಮಾಧಾನ" ಎಂದರು ಬಸ್ಸಿನಲ್ಲಿ.

ಈಗ ಮಗಳು ಮೂರನೆಯ ಇಯತ್ತೆ. ಕಾಗದದ ಪುಸ್ತಕವನ್ನೂ ಓದುತ್ತಾಳೆ. ನಿಧಾನ, ಆದರೆ ಓದುತ್ತಾಳೆ. ಹೋದ ವಾರ ಶಾಲೆಯಿಂದ ಒಂದು ಕತೆಪುಸ್ತಕ ತಂದು ಕಟ್ಟೆಯ ಮೇಲೆ ಕುಳಿತಿದ್ದಳು. ನಾಲ್ಕಾರು ಪುಟ ಓದಿದವಳು ಅದನ್ನು ಮಡಚಿ ಬದಿಗಿಟ್ಟಳು. ನಾನು ಅವಳ ಬಾಜೂ ಹೋಗಿ ಕುಳಿತೆ.

"ಯಾಕವಾ? ಕಣ್ಣು ನೋಯಾಕತ್ತಾವೇನು?"

"ಇಲ್ಲಪಾ" ಎಂದಳು, ಚಾಳೀಸು ಮೇಲೆ ಸರಿಸಿಕೊಂಡು. "ಕತಿನ ಚಲೋ ಇಲ್ಲ. ಬರೇ ಬುದ್ಧಿ ಹೇಳತಾರ. ನಾಳೆ ಬ್ಯಾರೆ ತರತೇನಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.