ನಂದಿಬಟ್ಟಲ ಹೂವು, ಮೆಣಸಿನಕಾಯಿ ಕಣ್ಣು

ಎಂಬತ್ತರ ದಶಕ. ಸಂಶಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಶುರು ಮಾಡಿದ ಹೊಸದರಲ್ಲಿ ಒಂದು ದಿನ ನನ್ನ ಎರಡೂ ಕಣ್ಣು ನನ್ನ ಸರಕಿನ ಬಣ್ಣಕ್ಕೇ ತಿರುಗಿದವು. ಚೀಲ ಝಾಡಿಸುವಾಗ ಗಾಳಿಗೆ ಎದುರು ನಿಲ್ಲಬಾರದು. ಈ ಮಾತನ್ನು ಈಗ ಕೇಳದವರಿಗೂ ಹೇಳುತ್ತೇನೆ, ಆವತ್ತು ನನಗೆ ಯಾರೂ ಹೇಳಲಿಲ್ಲ. ಉರಿ ಹೇಗೋ ತಡೆಯಬಹುದಿತ್ತು. ಆದರೆ ಮರುದಿನ ಕುಬಿಹಾಳಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. ಹುಡುಗಿಯ ಅಪ್ಪನಿಗೆ ಕುಡುಕರೆಂದರೆ ಆಗದು. ಕಣ್ಣು ಕೆಂಪಗಿದ್ದ ಒಬ್ಬ ವರನನ್ನು ಚಹಾ ಸಹ ಕೊಡದೆ ಎಬ್ಬಿಸಿ ಕಳಿಸಿದ್ದರಂತೆ.

"ಕರಿ ಚಸ್ಮಾ ಹಾಕ್ಕೋಲೇ" ಅಂದ ಗೆಳೆಯ. ಕರಿ ಚಸ್ಮಾದಲ್ಲಿ ಹೆಣ್ಣು ನೋಡಲು ಹೋದರೆ ಕುರುಡ ಅಂತಾರೆ, ಇಲ್ಲಾ ಉಡಾಳ ಅಂತಾರೆ. ಎರಡರಲ್ಲೂ ಲಾಭವಿಲ್ಲ.

ದಾರಿ ತೋರಿಸಿದವಳು ನಮ್ಮವ್ವ. "ಬಾಜೂ ಮನಿ ಆಯಿ ಹಿತ್ತಲದಾಗ ನಂದಿಬಟ್ಟಲ ಐತೆಲ್ಲ. ಹೂ ನೀರಾಗ ನೆನಸಿ ಕಣ್ಣಮ್ಯಾಲ ಇಟ್ಕೋ, ತಂಪಾಗತೈತಿ."

ಗಿರಗಿಟ್ಲೆಯಂತೆ ಎಸಳು ತಿರುಚಿದ ಆ ಬಿಳಿ ಹೂವೆಲ್ಲ ಪಕ್ಕದ ಮನೆಯ ಮುದುಕಿ ಆಯಿಯ ಲಿಂಗಪೂಜೆಗೆ ಮೀಸಲು. ಬೇರೆಯವರು ಗಿಡ ಮುಟ್ಟಿದರೆ ಬಡಿಗೆ ಎತ್ತುತ್ತಿದ್ದಳು. ಜಳಕ ಮಾಡಿ, ಅಂಗಡಿಯ ಟಾವೆಲ್ ಹೆಗಲಿಗೆ ಹಾಕಿಕೊಂಡು ಹೋದೆ. ಹೂವಿಗೆ ಬದಲು ಮೆಣಸಿನಕಾಯಿ ಕೊಡುತ್ತೇನೆ ಅಂದೆ.

"ದೇವರ ಹೂ ಅಂದ್ರ ಸಂತ್ಯಾಗಿನ ಬದನೀಕಾಯಿ ಅಂತ ತಿಳದಿಯೇನ್ಲೇ?"

ವ್ಯಾಪಾರ ಮುರಿದಾಗ ದರ ಏರಿಸಬಾರದು, ಮಾತು ತಿರುಗಿಸಬೇಕು. "ಆಯಿ, ಪೂಜಿ ಆದಮ್ಯಾಲ ಪ್ರಸಾದದ ಹೂ ಕಣ್ಣಿಗೆ ಒತ್ಕೋತೀವಿ, ಹೌದಲ್ಲ?"

"ಹೌದು."

"ನಾ ಒಂಚೂರು ಹೆಚ್ಚು ಹೊತ್ತು ಒತ್ಕೋತೀನಿ. ಅಷ್ಟ."

ಆಯಿ ನಕ್ಕುಬಿಟ್ಟಳು. "ಆತು. ಆದ್ರ ಹೂ ಕಣ್ಣಮ್ಯಾಲ ಇರೂತನಾ ತುಟಿ ಪಿಟಕ್ಕನ್ನಬಾರದು. ಬಾಯಿ ತಗದಿ, ಹೂ ಕಸಗೊಂಡೆ."

ಪೂಜೆ ಮುಗಿಯಿತು. ತೊಟ್ಟಿನ ಹಾಲು ಕಣ್ಣಿಗೆ ತಾಗಬಾರದೆಂದು ತೊಟ್ಟು ಮುರಿದು, ಹೂ ತೊಳೆದು ನೆನಸಿ ಕೊಟ್ಟಳು. ಪಡಸಾಲೆಯಲ್ಲಿ ಟಾವೆಲ್ ಮಡಚಿ ತಲೆಗಿಟ್ಟುಕೊಂಡು ಮಲಗಿದೆ. ತಂಪು ಇಳಿಯುತ್ತಿತ್ತು. ಬಾಗಿಲಲ್ಲಿ ಒಂದು ದನಿ.

"ಯವ್ವಾ, ನಾವು ಕುಬಿಹಾಳದವರ್ರಿ. ನಿಮ್ಮ ಬಾಜೂ ಮನಿ ಹುಡುಗಗ ಮಗಳನ್ನ ಕೊಡೂ ವಿಚಾರ ಐತಿ. ಒಂದೀಟು ಕೇಳೂಣಂತ ಬಂದೆ."

ಹುಡುಗಿಯ ಅಪ್ಪನೇ ಬಂದಿದ್ದರು. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದು ಬಾಜೂ ಮನೆಯಲ್ಲೇ. ಮದುವೆಯಾಗದ ಹುಡುಗರು ಇದನ್ನು ನೆನಪಿಡಬೇಕು.

"ಕೇಳ್ರಿ. ಇಂವಗ ಕಣ್ಣು ಬ್ಯಾನಿ, ಮಲಗ್ಯಾನ" ಅಂದಳು ಆಯಿ. ಇಂವ ಯಾರೆಂದು ಮಾತ್ರ ಹೇಳಲಿಲ್ಲ.

"ಹುಡುಗ ಕುಡೀತಾನೇನ್ರಿ?"

"ಕುಡ್ಯಾಕ ರೊಕ್ಕ ಬಿಚ್ಚಬೇಕಲ್ರಿ? ಅಂವ ಚಹಾನೂ ಮಂದೀ ಮನ್ಯಾಗ ಕುಡೀತಾನ."

"ಹಂಗಾರ ಜಿಪುಣ?"

"ದೇವರ ಜೋಡೀನೂ ಚೌಕಾಸಿ ಮಾಡಾಂವ್ರಿ."

"ಮಾತು?"

"ಕೇಳೂ ಮಂದಿ ಸಿಗಲಿಲ್ಲಂದ್ರ ಎಮ್ಮಿಗೆ ಬುದ್ಧಿ ಹೇಳ್ತಾನ್ರಿ."

ಉತ್ತರ ಗಂಟಲಿಗೆ ಬಂದು ನಿಂತಿತು. ಬಾಯಿ ತೆರೆದರೆ ಹೂ ಹೋಗುತ್ತದೆ, ಕೆಂಪು ಕಣ್ಣು ಕಾಣುತ್ತದೆ. ಮುಚ್ಚಿಕೊಂಡಿದ್ದರೆ ಹೆಣ್ಣೇ ಹೋಗುತ್ತದೆ. ಅಷ್ಟು ದುಬಾರಿ ಮೌನವನ್ನು ನಾನು ಮುಂದೆಂದೂ ಖರೀದಿಸಿಲ್ಲ.

"ಕುಡ್ಯಾಂಗಿಲ್ಲ ಅನ್ನೂದು ಖರೇನ?"

"ಇಲ್ಲಿ ಮಲಗಿದಾಂವನ ಆ ಹುಡುಗ! ನೀವ ನೋಡ್ರಿ" ಎಂದು ಆಯಿ ಎರಡೂ ಹೂ ಎತ್ತಿಬಿಟ್ಟಳು.

ನನ್ನ ಕಣ್ಣಲ್ಲಿ ಕೆಂಪು ಇನ್ನೂ ಉಳಿದಿತ್ತು. ಅವರು ಹುಬ್ಬು ಗಂಟಿಕ್ಕಿ, ಬಾಯಿ ಮೂಸಲು ಮುಖದ ಹತ್ತಿರ ಬಗ್ಗಿದರು. ಜೋರಾಗಿ ಉಸಿರು ಎಳೆದುಕೊಂಡರು. ತಲೆಯಡಿಯ ಟಾವೆಲಿನ ಖಾರದ ಧೂಳೆಲ್ಲ ಅವರ ಮೂಗಿಗೇ ಹೋಯಿತು. ಸೀನಿದರು, ಮತ್ತೆ ಸೀನಿದರು, ಅದೇ ಟಾವೆಲ್ ಕಸಿದುಕೊಂಡು ಕಣ್ಣೊರೆಸಿಕೊಂಡರು. ಅಲ್ಲಿಗೆ ಮುಗಿಯಿತು, ಅವರ ಕಣ್ಣೂ ಕೆಂಪಾದವು.

ಸ್ವಲ್ಪ ಹೊತ್ತಿಗೆ ನನ್ನ ಬಾಜೂ ಅವರೂ, ಆಯಿಯ ಅದೇ ಷರತ್ತಿಗೆ ಒಪ್ಪಿ, ಕಣ್ಣ ಮೇಲೆ ಹೂ ಇಟ್ಟುಕೊಂಡು ಅಂಗಾತ ಮಲಗಿದ್ದರು.

"ತಮ್ಮಾ, ನಾಳಿ ಬರಬ್ಯಾಡ್ರಿ" ಅಂದರು.

ನಾನು ಹೂ ಒತ್ತಿ ಹಿಡಿದುಕೊಂಡೇ ಎದ್ದು ಕೂತೆ. "ಯಾಕ್ರಿ?"

"ಈ ಕಣ್ಣು ತಗೊಂಡು ನಮ್ಮೂರಿಗೆ ಹೆಂಗ ಹೋಗ್ಲಿ? ಕುಡದು ಬಂದಾನ ಅಂತಾರ. ಇಬ್ಬರ ಕಣ್ಣೂ ತಿಳಿಯಾಗ್ಲಿ, ನಾಡಿದ್ದ ಬರ್ರಿ. ಚಹಾ ಮಾಡಸ್ತೀನಿ."

"ತುಟಿ ಪಿಟಕ್ಕನ್ನಬ್ಯಾಡ್ರಿ ಅಂದಿದ್ದೆ" ಅಂದಳು ಆಯಿ, "ಇಬ್ರಿಗೂ."