ಬೇಟೆಗಾರನಿಲ್ಲದ ಬಂದೂಕು

ಪದ್ಮಾ, ನೇಮೂ, ಕಳೆದ ವಾರ ನಿಮ್ಮ ಅಜ್ಜಿ ಬಂದೂಕು ಹಿಡಿದು ರೈಲು ಹತ್ತಿದಳು. ನಗಬೇಡಿ. ನಿಮ್ಮಪ್ಪನೇ ಸಾಕ್ಷಿ.

ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಗಾಡಿ ಖಾನಾಪುರ ಬಿಡುವ ಮೊದಲೇ ಎದುರು ಕೂತ ಹೆಂಗಸು ಕೇಳಿದಳು: "ಕೂಸು ಮಲಗೇತೇನ್ರೀ?"

ನಾನು ತಲೆ ಆಡಿಸಿದೆ.

"ಭಾಳ ಉದ್ದ ಐತಲ್ರೀ!"

ಜೈನರ ಮನೆಗೆ ಬಂದೂಕು ಎಲ್ಲಿಂದ ಬಂತು ಎನ್ನುತ್ತೀರಾ? ಕಾಡಿನ ಇಲಾಖೆಯ ಇಂಗ್ಲಿಷ್ ಸಾಹೇಬನೊಬ್ಬ ಊರು ಬಿಡುವಾಗ ನಿಮ್ಮ ಮುತ್ತಜ್ಜನಿಗೆ ಕೊಟ್ಟ ಕಾಣಿಕೆ ಅದು. ಬೇಡ ಎನ್ನಲು ಅವರಿಗೆ ಸಂಕೋಚ. (ಸಂಕೋಚ ನಮ್ಮ ಮನೆತನದ ರೋಗ.) ಅಂದಿನಿಂದ ಕಪಾಟಿನಲ್ಲಿದೆ. ಒಂದು ಗುಂಡೂ ಹಾರಿಲ್ಲ.

ಆದರೆ ಅದರ ಮೇಲೆ ಕೊರೆದ ಚಿತ್ತಾರ ನೋಡಬೇಕು! ಎಲೆಬಳ್ಳಿ, ಹುಲ್ಲು, ನಡುವೆ ಓಡುವ ಜಿಂಕೆ. ಹಿಂದೆ ಒಬ್ಬ ಬೇಟೆಗಾರ, ಅವನ ನಾಯಿ. ನಮ್ಮ ಅತ್ತೆ ದಶಲಕ್ಷಣ ಪರ್ವದ ಉಪವಾಸದಲ್ಲಿ ಅದನ್ನು ನೋಡಿಬಿಟ್ಟರು. "ನನ್ನ ಮನ್ಯಾಗ ಚಿತ್ರದಾಗೂ ಜೀವ ಹೋಗಬಾರದು" ಎಂದು ಬೇಟೆಗಾರನನ್ನೂ ನಾಯಿಯನ್ನೂ ಮುಚ್ಚಲು ಕೂತರು. ಯಾವುದರಿಂದ ಮುಚ್ಚುವುದು? ಅರಗು ಬೇಡ, ಅದು ಹುಳುವಿನದು. ಮೇಣ ಬೇಡ, ಅದು ಜೇನಿನದು. ಕೊನೆಗೆ ಮರದ ರಾಳ ಕಾಸಿ, ದೀಪದ ಕಾಡಿಗೆ ಕಲಸಿ, ಗೆರೆಗೆರೆಗೂ ತುಂಬಿದರು. ಕಣ್ಣು ಮುಚ್ಚುವ ಮುನ್ನ ನನಗೆ ಹೇಳಿದ್ದು ಒಂದೇ ಮಾತು: "ಜಿಂಕಿ ಇನ್ನ ನಿನ್ನ ಕೈಯಾಗ ಐತಿ, ನೋಡು."

ನಿಮ್ಮಪ್ಪನಿಗೋ ಅದು ಬೇಡದ ಭಾರ. ವರ್ಷವೂ ಲೈಸೆನ್ಸಿನ ಓಡಾಟ. ಬಸದಿಯಲ್ಲಿ ಗೆಳೆಯರ ಕುಚೋದ್ಯ: "ಏನಪಾ, ಇವತ್ತ ಯಾರ ಶಿಕಾರಿ?" ಬೆಳಗಾವಿಯ ದಂಡಿನ ಕ್ಯಾಂಪಿನ ಮುದಿ ಸಾಹೇಬನೊಬ್ಬನಿಗೆ ಇಂಥವನ್ನು ಕೂಡಿಡುವ ಶೋಕಿ ಎಂದು ತಿಳಿದದ್ದೇ ತಡ, ಮಾರಲು ಹೊರಟ. ನಾನೂ ಬರುತ್ತೇನೆಂದೆ. ಅವನಿಗೆ ಆಶ್ಚರ್ಯ. ನನಗೂ.

ಬಂಗಲೆಯ ಗೋಡೆ ತುಂಬ ಬಂದೂಕುಗಳು, ಎಲ್ಲದರ ಮೇಲೂ ಕೆತ್ತನೆ. ನಾನು ಸೆರಗು ಹೊದ್ದು ಬಾಗಿಲ ಬಳಿ ಕುಳಿತೆ. ಸಾಹೇಬ ಧಾರವಾಡದಲ್ಲಿ ಕನ್ನಡ ಕಲಿತವನು. ನಮ್ಮ ಬಂದೂಕನ್ನು ಕೂಸಿನಂತೆಯೇ ಎತ್ತಿಕೊಂಡ.

"ಹಾರಿಸಲಾರದ್ದಕ್ಕ ಇಷ್ಟ ಆಶಾ ಯಾಕ್ರೀ ಸಾಹೇಬ್ರ?" ನಿಮ್ಮಪ್ಪ ಕೇಳಿದ.

"ಗುಂಡು ಎಲ್ಲಾ ಬಂದೂಕೂ ಹಾರಿಸ್ತಾವ. ಈ ಗೆರಿ ಒಬ್ಬನ ಕೈಕೆಲಸ. ಅವನೂ ಎರಡನೇ ಸಲ ಹಿಂಗ ಕೊರಿಲಾರ. ತಿಕ್ಕಿಲ್ಲ, ಸವದಿಲ್ಲ. ಭಾಳ ಚೊಲೋ!"

ನನಗೆ ಅರ್ಥವಾಯಿತು. ತವರಿನ ತಂಬಿಗೆಯ ಮೇಲೆ ಹೆಸರು ಕೊರೆಸಿಕೊಂಡು ಬಂದವರು ನಾವು. ಅದರಲ್ಲಿ ದಿನಾ ನೀರು ಕುಡಿಯುತ್ತೇವೆಯೇ? ಬಂದವರಿಗೆ ತೋರಿಸುತ್ತೇವೆ, ಒಳಗಿಡುತ್ತೇವೆ. ನೀರನ್ನು ಮಣ್ಣಿನ ಕೊಡವೂ ಹಿಡಿಯುತ್ತದೆ. ಸಾಹೇಬನ ಹುಚ್ಚೂ ನನ್ನ ಹುಚ್ಚೂ ಒಂದೇ ಊರಿನವು!

ಅಷ್ಟರಲ್ಲಿ ಅವನ ಕಣ್ಣು ಕಪ್ಪು ರಾಳದ ಮೇಲೆ ಬಿತ್ತು. "ಇದರ ಕೆಳಗ ಹೊಸಾದರಂಗ ಇರ್ತದ. ತಗದ್ರ ಕಿಮ್ಮತ್ತು ಏರ್ತದ" ಎನ್ನುತ್ತ ಸೂಜಿ ತೆಗೆದುಕೊಂಡ. ಒಂದು ಚೂರು ಎದ್ದಿತು. ಬೇಟೆಗಾರನ ಬೂಟಿನ ತುದಿ ಇಣುಕಿತು.

"ಬ್ಯಾಡ್ರೀ!"

ಯಾರ ದನಿ ಇದು ಎಂದುಕೊಂಡೆ. ನನ್ನದೇ!

"ಅವ್ವಾ, ಸುಮ್ನಿರು" ಎಂದ ನಿಮ್ಮಪ್ಪ.

"ಜಿಂಕಿ ಓಡಿ ಪಾರಾಗೇತ್ರೀ. ಮತ್ತ ಯಾಕ ಬೇಟೆಗಾರನ್ನ ಅದರ ಬೆನ್ನ ಹಚ್ಚತೀರಿ?"

ಸಾಹೇಬ ಅರ್ಥವಾಗದೆ ನೋಡಿದ. ನೆಲ ನೋಡುತ್ತಲೇ ಅತ್ತೆಯ ಕತೆ ಹೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಸೂಜಿ ಕೆಳಗಿಟ್ಟ.

"ಬಾಯೀ, ಬೇಟೆಗಾರ ಇದ್ದ ಬಂದೂಕು ನನ್ನ ಗೋಡಿ ತುಂಬ ಅದಾವ. ಅವನನ್ನ ಮುಚ್ಚಿದ್ದು ಇದೊಂದ! ಹಿಂಗ ಇದ್ದಹಾಂಗ ಕೊಡ್ರಿ. ನಾ ಮುಟ್ಟೂದಿಲ್ಲ."

ನಿಮ್ಮಪ್ಪನ ಮುಖ ಅರಳಿತು. ನನ್ನ ಬಾಯಿ ಮಾತ್ರ ಇನ್ನೂ ಮುಚ್ಚಿರಲಿಲ್ಲ.

"ನೀವು ಮುಟ್ಟೂದಿಲ್ಲ, ಖರೇ. ನಿಮ್ಮ ಹಿಂದ ಬರೋವ್ರು?"

ಸಾಹೇಬ ಗೋಡೆಯತ್ತ ನೋಡಿದ. ತಾನೇ ಕೌದಿಯಲ್ಲಿ ಬಂದೂಕು ಸುತ್ತಿ ನನ್ನ ಮುಂದಿಟ್ಟ.

ಊರು ಮುಟ್ಟುವವರೆಗೂ ನಿಮ್ಮಪ್ಪ ಕಿಟಕಿಗೆ ಮುಖ ಮಾಡಿ ಕೂತ. ಕೂಸು ಮತ್ತೆ ನನ್ನ ತೊಡೆಯ ಮೇಲೆ ಮಲಗಿತ್ತು.

ಮಕ್ಕಳೇ, ಈ ಹಾಳೆಗಳನ್ನು ಅದೇ ಕಪಾಟಿನಲ್ಲಿ, ಬಂದೂಕಿನ ಮಗ್ಗುಲಲ್ಲಿ ಜೋಪಾನವಾಗಿಡಿ. ಸಾಹೇಬನಿಗೆ ಪ್ರಶ್ನೆಯನ್ನೇನೋ ಹಾಕಿ ಬಂದೆ. ಆದರೆ ನನ್ನ ಹಿಂದೆ ಬರುವವರು ನೀವೇ ಅಲ್ಲವೇ?