ಹೊಂಡದ ಪಕ್ಕದ ಬಾವಿ

ಎಂಬತ್ತರ ದಶಕದಲ್ಲಿ ಗುಲ್ಬರ್ಗಾ ಜಿಲ್ಲೆಯ ಒಂದು ತಾಲೂಕು ಊರಿನ ಪುರಸಭೆಯಲ್ಲಿ ನಾನು ಓವರ್ಸಿಯರ್ ಆಗಿದ್ದೆ. ಊರಿನ ಗಟಾರಗಳೆಲ್ಲ ನೇರ ಹಳ್ಳಕ್ಕೆ ಬೀಳುತ್ತಿದ್ದವು. ಆ ಕೊಳಚೆ ನೀರನ್ನು ಊರ ಹೊರಗೆ ಎರಡು ಹೊಂಡಗಳಲ್ಲಿ ನಿಲ್ಲಿಸಿ, ಬಿಸಿಲಿಗೆ ತಿಳಿಯಾದ ಮೇಲೆ ಹೊರಬಿಡುವ ಯೋಜನೆ ಬಂತು. ಜಾಗ ಆರಿಸಿದವನು ನಾನೇ. ಕರಿಮಣ್ಣು ನೀರು ಹಿಡಿಯುತ್ತದೆಂದು ನಂಬಿ ತಳಕ್ಕೆ ಬೇರೇನೂ ಹಾಕಿಸಲಿಲ್ಲ. ಮಣ್ಣಿನ ಕೆಳಗೆ ಬಿರುಕು ಬಿಟ್ಟ ಕಲ್ಲಿತ್ತು. ಅದನ್ನು ಅಗೆಸಿ ನೋಡುವ ತಾಳ್ಮೆ ನನಗಿರಲಿಲ್ಲ.

ಹೊಂಡದ ಬದಿಯ ಹೊಲದಲ್ಲಿ ಒಬ್ಬ ವಿಧವೆ ಮೆಂತೆ, ಪುಂಡಿಪಲ್ಯ ಬೆಳೆದು ಸಂತೆಯಲ್ಲಿ ಮಾರುತ್ತಿದ್ದಳು. ಅಲ್ಲೇ ಮನೆ, ಅಲ್ಲೇ ಬಾವಿ. ಅತನೂರಿಗೆ ಕೊಟ್ಟಿದ್ದ ಒಬ್ಬಳೇ ಮಗಳು ಆ ವರ್ಷ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನಾನು ಹೋದಾಗಲೆಲ್ಲ ನಗಾಡುತ್ತಿದ್ದಳು.

"ಸಾಹೇಬ್ರ, ಊರ ಹೊಲಸು ತಂದು ನಮ್ಮ ಬಾಜೂಕ ಇಟ್ರಿ. ನನ್ನ ಕೂಸಿನ ತೊಟ್ಟಲಕ್ಕ ನೀವೇ ಬಂದು ಊದಿನಕಡ್ಡಿ ಹಚ್ಚಬೇಕ್ ನೋಡ್ರಿ!"

ಮುಂಗಾರಿನ ಮೊದಲ ಮಳೆಗಳಾದ ಮೇಲೆ ಅವಳ ತಾಯಿ ಆಫೀಸಿಗೆ ಬಂದಳು.

"ಬಾವಿ ನೀರು ಒಂಥರಾ ನಾರಾಕತ್ತಾದ್ರಿ. ಬಸುರಿ ಹೆಣ್ಮಗಳು ಮನ್ಯಾಗ ಅದಾಳ. ಒಮ್ಮಿ ನೋಡ್ರಿ."

ನಾನು ಹೋಗಿ ಒಂದು ಬಾಟಲಿ ನೀರು ತುಂಬಿಕೊಂಡು ಬಂದೆ. ಗುಲ್ಬರ್ಗಾದಲ್ಲಿ ಪರೀಕ್ಷೆ ಮಾಡಿಸುತ್ತೇನೆ ಎಂದೆ.

"ಅಲ್ಲಿತನಕ ಕುಡಿಬೋದೇನ್ರಿ?"

"ಕುಡೀರಿ ಅವ್ವಾ. ಏನೂ ಆಗಂಗಿಲ್ಲ. ಮಳಿ ನೀರು ಕೂಡಿರ್ತದ."

ಮರುದಿನ ಜೀಪು ಸಿಗಲಿಲ್ಲ. ಅದರ ಮರುದಿನ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದಿದ್ದರೆ ಅರ್ಧ ದಿನದ ಕೆಲಸ. ಬಾಟಲಿ ನನ್ನ ಕಿಟಕಿಯಲ್ಲೇ ಹದಿನಾರು ದಿನ ಇತ್ತು. ದಿನವೂ ನೋಡುತ್ತಿದ್ದೆ, ದಿನವೂ ನಾಳೆ ಎನ್ನುತ್ತಿದ್ದೆ. ಕೊನೆಗೆ ಅದನ್ನು ಚೆಲ್ಲಿ, ಹೊಸ ನೀರು ಹಿಡಿದು ಒಯ್ದೆ.

ಉತ್ತರ ಬರುವ ಮೊದಲೇ ಹುಡುಗಿಯ ಕಣ್ಣುಗಳು ಹಳದಿಯಾದವು. ಮೊದಮೊದಲು ಕಾಮಾಲೆಗೆ ನಾಟಿ ಔಷಧ ಕೊಡುವವರ ಹತ್ತಿರ ಓಡಾಡಿದರು. ಎಚ್ಚರ ತಪ್ಪಿದ ಮೇಲೆ ಗುಲ್ಬರ್ಗಾದ ಆಸ್ಪತ್ರೆಗೆ ಒಯ್ದರು. ಕೂಸು ಹೊಟ್ಟೆಯಲ್ಲೇ ಹೋಯಿತು. ಮೂರನೆಯ ದಿನ ಆ ಹುಡುಗಿಯೂ ಹೋದಳು. ನೀರು ಕುಡಿಯಲು ಯೋಗ್ಯವಲ್ಲ ಎಂಬ ಕಾಗದ ಆ ವಾರವೇ ನನ್ನ ಮೇಜಿಗೆ ಬಂತು. ಹದಿನಾರು ದಿನ ಮೊದಲೇ ತಿಳಿದಿದ್ದರೆ ಆಕೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಿಕ್ಕಾಗದು ಎಂದರು. ಆ ಮಾತು ನನಗೆ ಶಿಕ್ಷೆಯನ್ನೂ ಕೊಡಲಿಲ್ಲ, ಬಿಡುಗಡೆಯನ್ನೂ ಕೊಡಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವಳ ತಾಯಿಯ ಮನೆಗೆ ಹೋದೆ. ಮುಚ್ಚಿಡಲಾಗದೆ ಹೇಳಿಬಿಟ್ಟೆ.

"ಮೊದಲ ಒಯ್ದ ನೀರು ಕಳಿಸೇ ಇರ್ಲಿಲ್ಲ ಅವ್ವಾ. ಹದಿನಾರು ದಿನ ನನ್ನ ಕಿಟಕ್ಯಾಗೇ ಇತ್ತು. ಕುಡೀರಿ ಅಂದಾವನೂ ನಾನೇ."



"ಯಾಕ್ ಹೇಳಿದ್ರಿ?" ಅಂದಳು. "ಇಷ್ಟು ದಿನ ದೇವರಿಗಿ ಬೈಕೋತ ಕುಂತಿದ್ದೆ. ಈಗ ಎದುರಿಗಿ ಕುಂತ ಮನಷಾಗ ಹ್ಯಾಂಗ್ ಬೈಲಿ?"

ಮಳೆ ನಿಂತ ಮೇಲೆ ಹೊಂಡ ಖಾಲಿ ಮಾಡಿಸಿ, ತಳಕ್ಕೆ ಜೇಡಿಮಣ್ಣು ಹಾಕಿಸಿ, ನೀರು ಇಳಿಯದಂತೆ ಗಟ್ಟಿಯಾಗಿ ಬಡಿಸಿದೆ. ಬಾವಿ ಮುಚ್ಚಿಸಿದೆ. ತಪ್ಪು ನನ್ನದೆಂದು ಬರೆದು ಮೇಲಿನವರಿಗೆ ಕೊಟ್ಟೆ. ಅವರು ಅದನ್ನು ಓದಿ ಹಿಂದಕ್ಕೆ ಕೊಟ್ಟರು. ಮರು ವರ್ಷ ನನಗೆ ವರ್ಗವಾಯಿತು.

ಐದಾರು ವರ್ಷಗಳ ನಂತರ ಘತ್ತರಗಿಗೆ ಹೋಗುವ ಬಸ್ಸಿನಲ್ಲಿ ಆ ತಾಯಿ ಕಂಡಳು. ಗುರುತು ಹಿಡಿದು, ಸರಿದು ಜಾಗ ಕೊಟ್ಟಳು.

"ಮಕ್ಕಳೆಷ್ಟು ಸಾಹೇಬ್ರ?"

"ಒಬ್ಬಾಕಿ ಮಗಳ್ರಿ."

"ಛಲೋ ಆತು. ಜ್ವಾಪಾನ ಮಾಡ್ರಿ."

ನನ್ನಿಂದ ಅಲ್ಲಿ ಕೂರಲಾಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಅದು ಯಾವ ಊರೆಂದೂ ನೋಡಿರಲಿಲ್ಲ.